ಹಾಕ್ತಾ ಹಾಕ್ತಾ ಬಿಡ್ತು

“ಹಾಕ್ತಾ ಹಾಕ್ತಾ ಬಿಡ್ತು, ಭಟ್ರೆ.”

ಐವತ್ತು ವರ್ಷಗಳಲ್ಲಿ ನನಗೆ ಚಪ್ಪಲಿ, ಸ್ಯಾಂಡಲ್, ಶೂ, ಗಂಬೂಟು ಮಾರಿದ ಅಷ್ಟೂ ಜನ ಕೊನೆಗೆ ಹೇಳಿದ್ದು ಇದೊಂದೇ ಮಾತು. ಹೆಬ್ಬೆರಳು ಒಳಗೆ ಹೋಗಲು ಒಪ್ಪದೆ ಬಾಗಿಲಲ್ಲೇ ಧರಣಿ ಕೂತಿರುತ್ತದೆ. ಕಿರುಬೆರಳು ಜಾಗ ಸಾಲದೆ ಪಕ್ಕದವನ ಬೆನ್ನೇರಿರುತ್ತದೆ. ಹಿಮ್ಮಡಿ ಎರಡೇ ಹೆಜ್ಜೆಗೆ ಕೆಂಪಾಗಿರುತ್ತದೆ. ಅಂಗಡಿಯವನು ಮಾತ್ರ ಬಗ್ಗಿ, ಚಪ್ಪಲಿಯ ತುದಿಯನ್ನು ಮಾವಿನಹಣ್ಣು ಹಿಚುಕಿ ನೋಡುವವನ ಹಾಗೆ ಒತ್ತಿ, ಎದ್ದು ನಿಂತು, ಬಿಲ್ಲು ಬರೆಯುತ್ತ ಅದೇ ಮಾತನ್ನು ಹೇಳುತ್ತಾನೆ.

ಪರವೂರಿನವರಿಗೆ ಇಲ್ಲೊಂದು ವ್ಯಾಕರಣ ಪಾಠ ಬೇಕು. ಬೆಂಗಳೂರಿನಲ್ಲಿ ‘ಬಸ್ಸು ಬಿಡ್ತು’ ಅಂದರೆ ಹೋಯಿತು, ಇನ್ನು ಆಟೋ ಹಿಡಿಯಿರಿ ಎಂದರ್ಥ. ಯಲ್ಲಾಪುರ ಕಡೆಯ ನಮ್ಮ ಹವ್ಯಕ ಮಾತಿನಲ್ಲಿ ‘ಬಸ್ಸು ಬಿಡ್ತು’ ಅಂದರೆ ಇನ್ನೇನು ಬಿಡುತ್ತದೆ, ಕೂತಿರಿ ಎಂದರ್ಥ. ಶಬ್ದ ಅದೇ. ಅಲ್ಲಿ ಭೂತಕಾಲ, ಇಲ್ಲಿ ಭವಿಷ್ಯತ್ಕಾಲ. ಚಪ್ಪಲಿ ‘ಬಿಡ್ತು’ ಅಂದರೂ ಮುಂದೆಂದೋ ಸಡಿಲಾಗುತ್ತದೆ ಎಂದರ್ಥ. ನಮ್ಮ ತಾಲೂಕಿನ ಸಕಲ ವ್ಯವಹಾರವೂ ಈ ಒಂದು ಪ್ರತ್ಯಯದ ಮೇಲೆ ನಿಂತಿದೆ. ಹುಬ್ಬಳ್ಳಿ–ಅಂಕೋಲಾ ರೈಲು ‘ಬತ್ತು’. ನನ್ನ ಮಗ ತೊಟ್ಟಿಲಲ್ಲಿದ್ದಾಗಿನಿಂದ ಬತ್ತು. ಅವನು ಓದು ಮುಗಿಸಿ ಬೆಂಗಳೂರಿಗೆ ಬಸ್ಸಿನಲ್ಲೇ ಹೋದ. 2021ರ ಜುಲೈಯಲ್ಲಿ ನಮ್ಮ ಪಕ್ಕದ ಕಳಚೆಯಲ್ಲಿ ಗುಡ್ಡವೇ ಜರಿದು ತೋಟ, ರಸ್ತೆಗಳು ಹೋದಾಗ ಕಿವಿಗೆ ಬಿದ್ದ ಸಮಾಧಾನದ ಮಾತುಗಳಿಗೂ ಇದೇ ಬಾಲ ಇತ್ತು: ಆಗ್ತು, ಬತ್ತು, ಸಿಗ್ತು. ಇಂಥ ಊರಿನಲ್ಲಿ ಚಪ್ಪಲಿಯೊಂದೇ ವರ್ತಮಾನಕಾಲದಲ್ಲಿ ಹಿಡಿಸಬೇಕು ಅಂದರೆ ಹೇಗೆ?

ನನ್ನ ಕಾಲಿನ ಪರವಾಗಿ ಒಂದೆರಡು ಮಾತು ಹೇಳಲೇಬೇಕು. ಅದು ವಜ್ರಳ್ಳಿಯಲ್ಲಿ ಹುಟ್ಟಿದ ಕಾಲು. ಸೊಪ್ಪಿನ ಬೆಟ್ಟ ಹತ್ತಿತು, ಅಡಿಕೆ ದಬ್ಬೆಯ ಸಂಕದ ಮೇಲೆ ಮಳೆಗಾಲದ ಹಳ್ಳ ದಾಟಿತು, ಗದ್ದೆಯ ಹಾಳಿಯಲ್ಲಿ ಜಾರದ ಹಾಗೆ ಐದು ಬೆರಳನ್ನೂ ಬಿಡಿಬಿಡಿಯಾಗಿ ನೆಲಕ್ಕೆ ಊರಲು ಕಲಿಯಿತು. ಬೆರಳಿಗೂ ಬೆರಳಿಗೂ ನಡುವೆ ಮರ್ಯಾದೆಯ ಅಂತರ ಇಟ್ಟುಕೊಂಡು ಅಗಲಕ್ಕೆ ಬೆಳೆಯಿತು. ತೋಟಕ್ಕೆ ನೀಟಾದ ಕಾಲು. ಪೇಟೆಯಲ್ಲಿ ಮಾತ್ರ ಅದಕ್ಕೆ ‘ಪ್ರಾಬ್ಲೆಮ್ಮು’ ಎಂಬ ಹೆಸರು.

ಮೊದಲ ಚಪ್ಪಲಿಯನ್ನು ಅಪ್ಪಯ್ಯ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಕೊಡಿಸಿದ. ನೀಲಿ ಬಾರಿನ ಹವಾಯಿ. ಎರಡು ನಂಬರು ದೊಡ್ಡದು. ‘ಕಾಲು ಬೆಳೀತು’ ಅಂದ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಚಪ್ಪಲಿಯೂ ಅಷ್ಟು ಕಾಲ ಬರಬೇಕೆಂಬ ಲೆಕ್ಕ ಅವನದ್ದು. ಬೆಳೆಯುವವರೆಗೆ ಅದು ನನ್ನ ಹಿಮ್ಮಡಿಯ ಹಿಂದೆ ಒಂದು ಗೇಣು ಚಾಚಿಕೊಂಡು, ಪಟಕ್ ಪಟಕ್ ಅನ್ನುತ್ತ, ದಾರಿಯ ಕೆಂಪು ರಾಡಿಯನ್ನು ಎತ್ತಿ ಅಂಗಿಯ ಬೆನ್ನಿಗೆ ಎರಚುತ್ತಿತ್ತು. ಎಷ್ಟು ಬೇಗ ನಡೆದರೆ ಅಷ್ಟು ಮೇಲಕ್ಕೆ. ನಾನು ಶಾಲೆಗೆ ಓಡಿ ಬಂದೆನೋ ನಡೆದು ಬಂದೆನೋ ಎಂಬುದನ್ನು ಮಾಸ್ತರರು ಬೆನ್ನ ಮೇಲಿನ ಚುಕ್ಕೆ ನೋಡಿ ಹೇಳುತ್ತಿದ್ದರು. ಹೀಗೆ ಚಿಕ್ಕಂದಿನಲ್ಲಿ ‘ಕಾಲು ಬೆಳೀತು’, ದೊಡ್ಡವನಾದ ಮೇಲೆ ‘ಚಪ್ಪಲಿ ಬಿಡ್ತು’. ನಡುವೆ ಎಲ್ಲೋ ಒಂದು ದಿನ ಎರಡೂ ಸರಿಹೊಂದಿರಲೇಬೇಕು. ಆ ದಿನ ಬಹುಶಃ ಉಂಗುಟ ಕಿತ್ತಿತ್ತು.

ಕಾಲಿಗೆ ನಂಬರು ಅಂತೊಂದಿದೆಯಲ್ಲ, ಅದರ ಮೂಲ ತಿಳಿದ ದಿನ ನನಗೆ ಅಂಗಡಿಯವರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಬ್ರಿಟಿಷರ ಅಳತೆಯಲ್ಲಿ ಒಂದು ನಂಬರಿನಿಂದ ಮುಂದಿನ ನಂಬರಿಗೆ ಇರುವ ದೂರ ಒಂದು ಬಾರ್ಲಿ ಕಾಳು. ಇಂಚಿಗೆ ಮೂರು ಕಾಳು, ಅಂದರೆ ಕಾಳೊಂದಕ್ಕೆ ಸುಮಾರು 8.5 ಮಿಲಿಮೀಟರ್. ಫ್ರಾನ್ಸಿನವರು ಇದನ್ನು ಒಪ್ಪದೆ ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲನ್ನು ಹಿಡಿದರು. ಅಮೆರಿಕದವರು ಬ್ರಿಟಿಷರ ಕಾಳನ್ನೇ ಇಟ್ಟುಕೊಂಡು ಎಣಿಕೆಯನ್ನು ಬೇರೆ ಕಡೆಯಿಂದ ಶುರುಮಾಡಿದರು. ಹಾಗಾಗಿ ಡಬ್ಬಿಯ ಮೇಲೆ 8, 9, 42 ಎಂದು ಮೂರು ನಂಬರು ಇದ್ದರೂ ಒಳಗಿರುವುದು ಒಂದೇ ಶೂ, ಮತ್ತು ಅದು ನನಗೆ ಹಿಡಿಸುವುದಿಲ್ಲ. ನಮ್ಮ ಮನೆಯಲ್ಲಿ ಬಾರ್ಲಿ ಕಾಣಿಸುವುದು ಯಾರಿಗಾದರೂ ಉರಿಮೂತ್ರವೋ ಜ್ವರವೋ ಬಂದು ಗಂಜಿ ಕಾಯಿಸಿದಾಗ ಮಾತ್ರ. ಆ ಕಾಳಿನಲ್ಲಿ ಅಡಿಕೆ ತೋಟದ ಕಾಲು ಅಳೆದರೆ ಕಾಲಿಗೂ ಉರಿಯೇ.

ಇರಲಿ, ಕಾಳಾದರೂ ಉದ್ದಕ್ಕೆ ಮಾತ್ರ. ಅಗಲ ಕೇಳುವವರೇ ಇಲ್ಲ. ಯಲ್ಲಾಪುರದ ಅಡಿಕೆ ಮಾರುಕಟ್ಟೆಗೆ ಹೋಗಿ ನೋಡಿ. ಒಂದು ಜಾತಿಯ ಮರದ ಫಲಕ್ಕೆ ರಾಶಿ, ಅಪಿ, ತಟ್ಟಿಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಎಂದು ಬೇರೆ ಬೇರೆ ರಾಶಿ, ಬೇರೆ ಬೇರೆ ದರ. ಉಗುಳಿ ಬಿಸಾಡುವ ವಸ್ತುವಿಗೆ ಇಷ್ಟು ಸೂಕ್ಷ್ಮ. ಅದನ್ನು ಹೊತ್ತು ತಂದವನ ಕಾಲು ಪಕ್ಕದ ಚಪ್ಪಲಿ ಅಂಗಡಿ ಹೊಕ್ಕರೆ ಒಂದೇ ಪ್ರಶ್ನೆ: “ಎಷ್ಟು ನಂಬರು?” ಅಗಲಕ್ಕೂ ಅಕ್ಷರ ಕೊಟ್ಟು ಶೂ ಮಾಡುವ ಪದ್ಧತಿ ಪಶ್ಚಿಮದಲ್ಲಿ ಉಂಟು. ನಮಗೆ ಅವರು ಕಾಳನ್ನು ಕೊಟ್ಟರು, ಅಕ್ಷರ ಕೊಡಲಿಲ್ಲ.

ಉದ್ದಕ್ಕೆ ನಾನು ಎಂಟು. ಅಗಲಕ್ಕಾಗಿ ಹತ್ತು ಕೊಳ್ಳಬೇಕು. ಆಗ ಮುಂದೆ ಎರಡು ಕಾಳಿನಷ್ಟು ಜಾಗ ಬಾಡಿಗೆಗೆ ಖಾಲಿ. ಅದಕ್ಕೆ ಹಳೆಯ ಪೇಪರು ತುರುಕುವುದು ನಮ್ಮ ಮನೆಯ ರೂಢಿ. ಒಮ್ಮೆ ಆಯಿ ನೋಡದೆ ನನ್ನದೇ ಬರಹ ಅಚ್ಚಾದ ಪುಟವನ್ನು ಹರಿದು ತುಂಬಿಸಿದ್ದಳು. ಬೇಜಾರಿಲ್ಲ. ನನ್ನ ಬರಹಕ್ಕೆ ಇಡೀ ಮಳೆಗಾಲ ಅಂಟಿಕೊಂಡಿದ್ದ ಓದುಗ ಅಂದರೆ ನನ್ನ ಹೆಬ್ಬೆರಳೊಂದೇ.

ಮಳೆಗಾಲ ಅಂದಾಗ ಗಂಬೂಟಿನ ಮಾತು. ಉಂಬಳದಿಂದ ಕಾಲು ಉಳಿಯುತ್ತದೆ ಎಂದು ತಂದೆ. ಉಂಬಳ ಕೆಳಗಿನಿಂದ ಬರುವ ಜೀವ, ಗಂಬೂಟು ಮೊಣಕಾಲಿನವರೆಗೆ ಕೋಟೆ, ಲೆಕ್ಕ ಸರಿ ಇತ್ತು. ಆದರೆ ವಜ್ರಳ್ಳಿಯ ಉಂಬಳಕ್ಕೆ ಲೆಕ್ಕ ಬರುವುದಿಲ್ಲ. ಗಿಡದ ಎಲೆಯಿಂದ ಇಳಿದು, ಮೇಲ್ಬಾಯಿಯಿಂದ ಒಳಹೊಕ್ಕು, ಒಳಗೆ ಬೆಚ್ಚಗೆ, ಕತ್ತಲೆಯಲ್ಲಿ, ಗಾಳಿಮಳೆ ಇಲ್ಲದೆ, ಪಂಕ್ತಿಯಲ್ಲಿ ಕೂತು ಊಟ ಮಾಡಿತು. ಬರಿಗಾಲಲ್ಲಾದರೆ ಕಚ್ಚಿದ್ದು ಕಾಣುತ್ತದೆ, ಕವಳಕ್ಕೆ ತಂದ ಸುಣ್ಣ ಒಂಚೂರು ಮುಟ್ಟಿಸಿದರೆ ಉದುರುತ್ತದೆ. ಗಂಬೂಟಿನಲ್ಲಿ ಅದು ಉಂಡು, ಉರುಳಿ, ಕೈತೊಳೆದು ಹೋದ ಮೇಲೆಯೇ ನಮಗೆ ಸುದ್ದಿ. ಮಗ ಬೆಂಗಳೂರಿನಿಂದ ತೂತುತೂತಿನ ಫೋಮಿನ ಚಪ್ಪಲಿಯೊಂದನ್ನು ಕಳಿಸಿದ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಉಂಬಳಗಳಿಗೆ ತಲಾ ಒಂದು ಬಾಗಿಲು ಆಯಿತು.

ಅಂದ ಹಾಗೆ, ಬರಿಗಾಲಿಗೆ ನಾನು ಹಾರ ಹಾಕುತ್ತಿಲ್ಲ. ಕೊಕ್ಕೆಹುಳ, ಮುಳ್ಳು, ಒಡೆದ ಹಿಮ್ಮಡಿಗೆ ಹೊಕ್ಕ ಮಣ್ಣು ಇವೆಲ್ಲ ನೋಡಿ ಬೆಳೆದವನು. ಆದರೆ ಲೆಕ್ಕ ಲೆಕ್ಕವೇ. 1992ರಲ್ಲಿ ನಮ್ಮ ಕರಾವಳಿಯದೇ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ಮೂಳೆವೈದ್ಯರು 2,300 ಮಕ್ಕಳ ಹೆಜ್ಜೆಗುರುತು ತೆಗೆದು ನೋಡಿದ ಅಧ್ಯಯನ ಪ್ರಕಟಿಸಿದರು. ಬರಿಗಾಲಲ್ಲಿ ಓಡಾಡುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ 2.8, ಪಾದರಕ್ಷೆ ತೊಟ್ಟವರಲ್ಲಿ ಶೇ 8.6. ಅದರಲ್ಲೂ ಬೆರಳು ಮುಚ್ಚುವ ಶೂ ಹಾಕಿದವರಲ್ಲೇ ಹೆಚ್ಚು, ತೆರೆದ ಚಪ್ಪಲಿಯವರಲ್ಲಿ ಕಡಿಮೆ.

ಆಮೇಲೆ ಸರ್ಕಾರ ಶಾಲೆಯ ಮಕ್ಕಳಿಗೆ ಏನು ಕೊಟ್ಟಿತು? ಬೆರಳು ಮುಚ್ಚುವ ಶೂ. ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಕಾಲುಚೀಲ. ಬಿಳಿ! ಯಲ್ಲಾಪುರದ ಜುಲೈಯಲ್ಲಿ! 2022–23ರ ದರಪಟ್ಟಿಯಲ್ಲಿ ಒಂದರಿಂದ ಐದನೇ ತರಗತಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು–ಹತ್ತಕ್ಕೆ 325. ತರಗತಿ ಏರಿದ ಹಾಗೆ ಕಾಲು ಏರಬೇಕು. ಅದೇ ತರಗತಿಯಲ್ಲಿ ಉಳಿದವನ ಕಾಲು ಬೆಳೆದರೆ ಅದು ಲೆಕ್ಕಪರಿಶೋಧನೆಯ ಆಕ್ಷೇಪಕ್ಕೆ ಒಳಪಟ್ಟಂತೆ. ಬಡವರ ಮಕ್ಕಳಿಗೂ ಶೂ ಸಿಗಲಿ ಎಂಬ ಆಸೆ ತಪ್ಪಲ್ಲ, ಅದಕ್ಕೆ ನಗುವವನು ಚಪ್ಪಲಿ ಇಲ್ಲದ ದಿನ ಕಂಡವನಲ್ಲ. ಆದರೆ ನಮ್ಮ ಕಡೆಯ ಮಕ್ಕಳು ಆ ಶೂವನ್ನು ಬಳಸುವ ಕ್ರಮ ನೋಡಬೇಕು: ಎರಡರ ಲೇಸನ್ನೂ ಸೇರಿಸಿ ಗಂಟು ಹಾಕಿ, ಕೊರಳಿಗೆ ಹಾರದಂತೆ ತೊಟ್ಟು, ಬರಿಗಾಲಲ್ಲಿ ಹಳ್ಳ ದಾಟಿ, ಶಾಲೆಯ ನಳದಲ್ಲಿ ಕಾಲು ತೊಳೆದು, ಪ್ರಾರ್ಥನೆಗೆ ನಿಲ್ಲುವಾಗ ಹಾಕಿಕೊಳ್ಳುವುದು. ತರಗತಿಯೊಳಗೆ ಹೋಗುವಾಗ ಬಾಗಿಲಲ್ಲಿ ಬಿಡುವುದು. ರಾಷ್ಟ್ರಗೀತೆಯ 52 ಸೆಕೆಂಡು ಮತ್ತು ಅದರ ಆಜುಬಾಜು ಆ ಶೂವಿನ ದಿನದ ದುಡಿಮೆ.

ಚರ್ಮದ್ದೇ ಹಾಕಿ, ಕಾಲಿಗೆ ಉಸಿರಾಡಲಿಕ್ಕೆ ಬರುತ್ತದೆ ಎಂದರು ತಿಳಿದವರು. ಹುಬ್ಬಳ್ಳಿಗೆ ಹೋದಾಗ ಕೊಲ್ಹಾಪುರಿ ತಂದೆ. ಹೆಸರು ಕೊಲ್ಹಾಪುರಿ, ಮಾಡಿದ್ದು ನಮ್ಮ ಅಥಣಿ ಕಡೆಯ ಕೈ. ಇದು ಹೆಮ್ಮೆಯ ಮಾತಲ್ಲ, 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಪಟ್ಟಿಯಲ್ಲೇ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇವೆ. ಹಾಕಿದರೆ ಗತ್ತೇ ಗತ್ತು. ಕರ್ ಕರ್ ಎನ್ನುವ ಸದ್ದಿಗೆ ನಾಯಿ ಕೂಡ ಎದ್ದು ದಾರಿ ಬಿಟ್ಟಿತು. ಒಂದು ವಾರ ಕಚ್ಚಿತು, ಎಣ್ಣೆ ಸವರಿದೆ, ಇನ್ನೇನು ಬಿಡ್ತು ಅನ್ನುವಷ್ಟರಲ್ಲಿ ಮಳೆ ಹಿಡಿಯಿತು. ನೀರು ಕುಡಿದು ಹಲಸಿನ ಹಪ್ಪಳದ ಹಾಗೆ ಮೆತ್ತಗಾಯಿತು. ಬಚ್ಚಲೊಲೆಯ ಮೇಲೆ ಇಟ್ಟೆ, ಕರಿದ ಹಪ್ಪಳದ ಹಾಗೆ ಮುರುಟಿತು. ಜಗಲಿಯ ಮೂಲೆಗಿಟ್ಟೆ, ಆರಿದ್ರಾ ಮಳೆ ಮುಗಿಯುವುದರೊಳಗೆ ಮೇಲೆ ಹಸಿರು ಬೂಷ್ಟು, ಅದರ ಮೇಲೆ ಬಿಳಿ ಬೂಷ್ಟು.

ಅದೇ ಚಪ್ಪಲಿಯನ್ನು 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿಯವರು ಮಿಲಾನಿನ ಪ್ರದರ್ಶನದಲ್ಲಿ ಗಂಡಸರ ಕಾಲಿಗೆ ಹಾಕಿ ನಡೆಸಿದರು. ಹೆಸರು ಹೇಳದೆ ‘ಲೆದರ್ ಸ್ಯಾಂಡಲ್’ ಅಂದರು. ಗಲಾಟೆ ಆಯಿತು, ಮೂಲ ಒಪ್ಪಿಕೊಂಡರು, ಆಮೇಲೆ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಮತ್ತು ನಮ್ಮ ಲಿಡ್ಕರ್‌ನ ಜೊತೆ ಒಪ್ಪಂದಕ್ಕೆ ಬಂದು, 2,000 ಜೊತೆ ಮಾಡಿಸಿ, ಜೊತೆಗೆ ಸುಮಾರು 800 ಯೂರೋದಂತೆ ಮಾರುವ ಮಾತಾಯಿತು. ಅಥಣಿ ಹೊಲಿಯಿತು, ಕೊಲ್ಹಾಪುರ ಹೆಸರು ಪಡೆಯಿತು, ಮಿಲಾನು ಬೆಲೆ ಕಟ್ಟಿತು, ವಜ್ರಳ್ಳಿಯಲ್ಲಿ ಬೂಷ್ಟು ಬಂತು. ಆ 800 ಯೂರೋದ ಜೊತೆಯೊಂದನ್ನು ಯಾರಾದರೂ ಪುಣ್ಯಾತ್ಮರು ನಮ್ಮಲ್ಲಿ ಒಂದು ಜುಲೈ ಇಟ್ಟು ನೋಡಬೇಕು. ಬೂಷ್ಟಿಗೆ ಬ್ರ್ಯಾಂಡು ಗೊತ್ತಾಗುತ್ತದೋ ತಿಳಿಯಬಹುದು.

ಬೆಂಗಳೂರಿನ ಮಾಲಿನಲ್ಲಿ ಮಗ ಕೊಡಿಸಿದ ನೆನಪಿನ ಶಕ್ತಿಯುಳ್ಳ ಶೂವಿನ ಕತೆ ಚಿಕ್ಕದು. ಒಳಗಿನ ಫೋಮಿಗೆ ‘ಮೆಮೊರಿ’ ಉಂಟಂತೆ, ಕಾಲನ್ನು ನೆನಪಿಟ್ಟುಕೊಳ್ಳುತ್ತದಂತೆ. ನನ್ನ ಕಾಲು ಅದಕ್ಕೆ ನೆನಪಾಗುವ ಮೊದಲೇ ಅಟ್ಟೆ ಬಾಯಿ ಬಿಟ್ಟಿತು. ಅದರ ಬೆಲೆ ಮಾತ್ರ ನನಗೆ ಈಗಲೂ ನೆನಪಿದೆ.

ಹೀಗಿರುವಾಗ ಒಂದು ದಿನ ಪೇಪರಿನಲ್ಲಿ ಸುದ್ದಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚಿನವರೆಗೆ ದೇಶದ 79 ಕಡೆ 1,01,880 ಜನರ ಪಾದವನ್ನು ಯಂತ್ರವಿಟ್ಟು ಅಳೆದಿದೆ. ಭಾರತೀಯರ ಪಾದ ಯುರೋಪು, ಅಮೆರಿಕದವರದ್ದಕ್ಕಿಂತ ಅಗಲ. ಅಗಲ ಸಾಲದ್ದಕ್ಕೆ ಉದ್ದದ ಶೂ ಕೊಂಡು ಹಾಕುತ್ತಿದ್ದಾರೆ. ಇವರಿಗೆ ಬ್ರಿಟಿಷ್ ನಂಬರು ಬಿಟ್ಟು ಬೇರೆ ಅಳತೆ ಬೇಕು, ಅದಕ್ಕೆ ಭಾರತದ ‘ಭ’ ಎಂದು ಹೆಸರು. ನಾನು ಪೇಪರು ಹಿಡಿದು ಅಡುಗೆಮನೆಗೆ ಓಡಿದೆ. ಮದುವೆಯಾದ ದಿನದಿಂದ ‘ನಿಮ್ಮ ಕಾಲೇ ಸರಿ ಇಲ್ಲೆ’ ಎನ್ನುತ್ತ ಬಂದವಳಿಗೆ ಒಂದು ಲಕ್ಷ ಜನರ ಸಾಕ್ಷಿ ಓದಿ ಹೇಳಿದೆ. ಅವಳು ದೋಸೆ ಮಗುಚಿ, ಶಾಂತವಾಗಿ, “ಹಂಗಾರೆ ನಿಮ್ಮ ಕಾಲೊಂದೇ ಅಲ್ಲ, ದೇಶದ್ದೇ ಸರಿ ಇಲ್ಲೆ ಹೇಳಿ ಆತು” ಅಂದಳು.

ಹೊಸ ಅಳತೆ 2025ರ ಹೊತ್ತಿಗೆ ಬರಬಹುದು ಎಂದಿತ್ತು ಪೇಪರು. ಆ ವರ್ಷ ದೀಪಾವಳಿಗೆ ಪೇಟೆಗೆ ಹೋದಾಗ ಅಂಗಡಿಯಲ್ಲಿ ಕೇಳಿಯೇ ಬಿಟ್ಟೆ.

“ಭ ಎಂಟು ನಂಬರಿಂದು ಇದ್ದಾ?”

“ಬಾಟಾ ಎಂಟಾ? ಅದು ಇಲ್ಲಿ ಇಲ್ಲೆ.”

“ಬಾಟಾ ಅಲ್ದಾ, ಭ. ಮಹಾಪ್ರಾಣ.”

ಅವನು ಕಪಾಟಿನ ಮೇಲಿನಿಂದ ಕಂದು ಬಣ್ಣದ ಸ್ಯಾಂಡಲ್ಲು ಇಳಿಸಿ ಧೂಳು ಊದಿದ. “ಮಹಾಪ್ರಾಣನೋ ಅಲ್ಪಪ್ರಾಣನೋ, ಹಾಕ್ಯಂಡು ನೋಡಿ ಭಟ್ರೆ. ಹಾಕ್ತಾ ಹಾಕ್ತಾ ಬಿಡ್ತು.”

ಪ್ರಾಣದ ವಿಷಯದಲ್ಲಿ ಅವನ ಮಾತು ಖರೆ. ತೆಗೆದುಕೊಂಡು ಬಂದೆ. ಮೂರನೇ ದಿನ ಬೊಕ್ಕೆ ಎದ್ದಿತು, ಹತ್ತನೇ ದಿನ ಒಡೆಯಿತು, ತಿಂಗಳಾಗುವಾಗ ಹಳೆಯ ಆಣಿಯ ಪಕ್ಕ ಹೊಸ ಆಣಿ ಮನೆ ಕಟ್ಟಿತು. ಬಸ್ ಸ್ಟ್ಯಾಂಡಿನ ಹತ್ತಿರ ಕೊಡೆ, ಬ್ಯಾಗು, ಚಪ್ಪಲಿ ಮೂರನ್ನೂ ಹೊಲಿಯುವ ಒಬ್ಬ ಇದ್ದಾನೆ, ಹುಬ್ಬಳ್ಳಿ ಕಡೆಯವನು. ಅವನ ಮುಂದೆ ಇಟ್ಟೆ. ಅವನು ಚಪ್ಪಲಿ ಮುಟ್ಟಲಿಲ್ಲ, ಮೊದಲು ನನ್ನ ಕಾಲನ್ನು ಎತ್ತಿ ತನ್ನ ಮೊಣಕಾಲ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಗಲ ಹಿಡಿದು ನೋಡಿದ. ಅರವತ್ತು ವರ್ಷದಲ್ಲಿ ನನ್ನ ಕಾಲನ್ನು ಹಾಗೆ ನೋಡಿದವರು ಯಾರೂ ಇರಲಿಲ್ಲ. ಮದುವೆಯಲ್ಲಿ ಕಾಲು ತೊಳೆದ ಮಾವನವರೂ ನೀರು ಹೊಯ್ದು ಆ ಕಡೆ ಮುಖ ಮಾಡಿದ್ದರು.

“ನಮ್ಮಪ್ಪ ಊರ ಮಂದೀದೆಲ್ಲಾ ಪಾದ ಕಾಗದದ ಮ್ಯಾಲೆ ಇಡಿಸಿ, ಸುತ್ತ ಪೆನ್ಸಿಲ್ಲಿಲೆ ಗೆರಿ ಹೊಡದು, ತಂತಿಗೆ ಚುಚ್ಚಿ ಇಟ್ಟಿದ್ದಾರೀ” ಅಂದ. “ಯಾರು ಬಂದ್ರೂ ಕಾಗದ ತಗದು ಚಪ್ಪಲಿ ಕೊಯ್ಯತಿದ್ದಾ. ಈಗ ಹಂಗಲ್ರಿ. ಚಪ್ಪಲಿ ತಯಾರಾಗೇ ಬರತೈತಿ. ಕಾಲು ಕೊಯ್ಯಬೇಕಷ್ಟ.”

ಉಳಿ ಅವನ ಕೈಯಲ್ಲೇ ಇತ್ತಾದ್ದರಿಂದ ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಅವನು ಪಟ್ಟಿಯನ್ನು ಬಿಚ್ಚಿ, ನಡುವೆ ಒಂದು ಬೆರಳಗಲದ ಚರ್ಮದ ತುಂಡು ಕೂಡಿಸಿ ಹೊಲಿದ. ಕಂದು ದಾರ ಮುಗಿದಿದೆ ಎಂದು ಕೊಡೆ ಹೊಲಿಯುವ ನೀಲಿ ನೈಲಾನ್ ದಾರವನ್ನೇ ಹಾಕಿದ. ಮೂವತ್ತು ರೂಪಾಯಿ. ಬಲಗಾಲಿನದು ಪರವಾಗಿಲ್ಲ ಅನಿಸಿತು. ಎಡಗಾಲಿನದು ಹಳೆಯ ದ್ವೇಷ ಬಿಡಲಿಲ್ಲ.

ಕಳೆದ ತಿಂಗಳು ನಮ್ಮೂರಲ್ಲಿ ತಾಳಮದ್ದಲೆ. ಪ್ರಸಂಗ ‘ಪಾದುಕಾ ಪ್ರದಾನ’. ನನ್ನಂಥ ಪಾದಪೀಡಿತನಿಗೆ ಇದಕ್ಕಿಂತ ಹೃದಯಕ್ಕೆ ಹತ್ತಿರದ ಪ್ರಸಂಗ ಇಲ್ಲ. ಅಂಗಳದ ತುದಿಯಲ್ಲಿ ಚಪ್ಪಲಿ ಬಿಟ್ಟು, ಕಂಬಕ್ಕೆ ಒರಗಿ ಕೂತೆ. ಭರತನ ಅರ್ಥ ಹೇಳುವವರು ಪಾದುಕೆಯ ತತ್ತ್ವ ಎತ್ತಿಕೊಂಡು ಒಂದೂವರೆ ತಾಸು ಬಿಡಲಿಲ್ಲ. ರಾಮನ ಪಾದದಲ್ಲಿ ಇದ್ದದ್ದು ಭರತನ ಶಿರಸ್ಸಿಗೆ ಯಾಕೆ ಬಂತು, ರಾಜ್ಯಭಾರ ಯಾರದ್ದು, ಭಾರ ಯಾರಿಗೆ ಎಂದೆಲ್ಲ ಚೆನ್ನಾಗಿಯೇ ಬೆಳೆಸಿದರು. ನನಗೆ ಮಾತ್ರ ಒಂದೇ ಯೋಚನೆ. ಭರತ ಎಂಥ ಜಾಣ! ಪರರ ಪಾದರಕ್ಷೆಯನ್ನು ಹದಿನಾಲ್ಕು ವರ್ಷ ಸಿಂಹಾಸನದ ಮೇಲಿಟ್ಟ, ತಲೆಯ ಮೇಲಿಟ್ಟ, ಕಣ್ಣಿಗೊತ್ತಿಕೊಂಡ. ಒಂದು ದಿನವಾದರೂ ಕಾಲಿಗೆ ಹಾಕಿ ನೋಡಲಿಲ್ಲ. ಮನೆತನದಲ್ಲಿ ಜಗಳ ಆಗದೆ ಉಳಿದದ್ದು ಹಾಗೆ.

ಮಂಗಳ ಹಾಡುವಾಗ ಬೆಳಗಿನ ಜಾವ. ಕರೆಂಟು ಹೋಗಿತ್ತು, ನನ್ನ ಬ್ಯಾಟರಿಯ ಸೆಲ್ಲು ಸೊರಗಿತ್ತು. ಕಾಲಿನಿಂದಲೇ ತಡವಿ ಹುಡುಕಿದೆ. ಈ ವರ್ಷ ಅರ್ಧ ಊರೇ ಅದೇ ಅಂಗಡಿಯ ಕಂದು ಸ್ಯಾಂಡಲ್ಲು ಕೊಂಡಿತ್ತು. ಹಾಕಿಕೊಂಡು ಹೊರಟೆ. ಹೆಬ್ಬಾಗಿಲು ದಾಟಿದೆ, ಸಂಕ ದಾಟಿದೆ, ದರೆ ಇಳಿದೆ. ತೋಟದ ಅಂಚಿಗೆ ಬಂದಾಗ ಏನೋ ಕಡಿಮೆಯಾಗಿದೆ ಅನಿಸಿತು. ನಿಂತು ಯೋಚಿಸಿದೆ. ನೋವು ಕಡಿಮೆಯಾಗಿತ್ತು. ಹೆಬ್ಬೆರಳು ಮಲಗಿತ್ತು, ಕಿರುಬೆರಳು ತನ್ನ ಜಾಗದಲ್ಲಿತ್ತು, ಆಣಿಗಳು ಸದ್ದಿಲ್ಲದೆ ಇದ್ದವು. ಐವತ್ತು ವರ್ಷಗಳಿಂದ ಅಂಗಡಿಯವರು ಹೇಳುತ್ತಿದ್ದದ್ದು ಸುಳ್ಳಲ್ಲ, ಚಪ್ಪಲಿ ಬಿಡುತ್ತದೆ. ಹಾಕಿ ಹಾಕಿ ಬಿಡಿಸುವ ಪುಣ್ಯಾತ್ಮ ಬೇರೆಯವನಾಗಿರಬೇಕು, ಅಷ್ಟೇ. ಮನೆಗೆ ಬಂದು ಬೆಳಕಿಗೆ ಹಿಡಿದು ನೋಡಿದೆ. ನೀಲಿ ದಾರ ಇರಲಿಲ್ಲ.

ವಾಪಸು ಕೊಡಬೇಕು ಅಂತ ಆ ದಿನವೇ ಇತ್ತು. ಆದರೆ ಯಾರದ್ದೆಂದು ಗೊತ್ತಿಲ್ಲದೆ ಕೊಡುವುದು ಯಾರಿಗೆ? ಕೊಟ್ಟರಾತು ಅಂತ ಇಟ್ಟುಕೊಂಡೆ. ಇಟ್ಟುಕೊಂಡಿದ್ದು ಜಗಲಿಯಲ್ಲಿ ಅಲ್ಲ, ಕಾಲಲ್ಲಿ.

ಸೋಮವಾರ ಸೊಸೈಟಿಗೆ ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಮೇಲಿನಕೇರಿಯ ಭಾವ ಕುಂಟುತ್ತ ಮೆಟ್ಟಿಲು ಹತ್ತಿ ಬಂದ.

“ಎಂತಾ ಆತು ಭಾವ, ಕಾಲಿಗೆ?”

“ಎಂತದೂ ಇಲ್ಲೆ ಮಾರಾಯಾ. ಮೊನ್ನೆಯಿಂದ ನನ್ನ ಚಪ್ಪಲಿಯೇ ನಂಗೆ ಕಚ್ತಾ ಇದ್ದು. ವಯಸ್ಸಾತು ಕಾಣ್ತು. ಕಾಲೇ ದಪ್ಪ ಆದಾಂಗೆ ಕಾಣ್ತು.”

ಅವನ ಎಡಗಾಲಿನ ಪಟ್ಟಿಯ ಮೇಲೆ ನೀಲಿ ದಾರ ಬಿಸಿಲಿಗೆ ಮಿಂಚುತ್ತಿತ್ತು. ನಾನು ನನ್ನ ಕಾಲುಗಳನ್ನು ಮೆಲ್ಲಗೆ ಬೆಂಚಿನ ಅಡಿಗೆ ಎಳೆದುಕೊಂಡೆ.

“ಹಾಕ್ತಾ ಹಾಕ್ತಾ ಬಿಡ್ತು, ಭಾವ” ಅಂದೆ.